ಲಾಗ್ ತುಂಬಿದ ಮಳೆಗಾಲ

ಕಳೆದ ತಿಂಗಳು ಅತ್ತೆಯವರ ಕಣ್ಣು ತೋರಿಸಲು ಅಥಣಿಯಿಂದ ಚಿಕ್ಕೋಡಿಗೆ ಹೋಗಿದ್ದೆ. ಮದುವೆಗೆ ಮುಂಚೆ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಹೊರಗೆ ಜಿಟಿಜಿಟಿ ಮಳೆ. ಅತ್ತೆಯವರ ಕೈ ಹಿಡಿದು ಮೆಟ್ಟಿಲು ಹತ್ತಬೇಕು ಎನ್ನುವಾಗ ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿರುವುದು ಕಂಡಿತು. ಒಳಗೆ ಈಗ ಸಲೈನ್ ಬಾಟಲಿಗಳ ಪೆಟ್ಟಿಗೆ ಜೋಡಿಸಿದ್ದಾರೆ. ಮೂಲೆಯ ಇನ್ವರ್ಟರ್ ಮಾತ್ರ ಅದೇ ಜಾಗದಲ್ಲಿತ್ತು. ಅದರ ಕಾದ ಧೂಳಿನ ವಾಸನೆ, ತೊಯ್ದ ಸುಣ್ಣದ ಗೋಡೆಯ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ನಾನು ನಿಂತುಬಿಟ್ಟೆ.

"ಯಾಕವಾ, ಕಾಲ ಹಿಡಕೊಂಡಾವೇನು?" ಎಂದರು ಅತ್ತೆ.

"ಇಲ್ರಿ. ನಾ ಕುಂಡ್ರತಿದ್ದ ಖೋಲಿ ಇದು," ಎಂದೆ. ಅವರಿಗೆ ಅಷ್ಟು ಸಾಕಾಯಿತು. ನನಗೆ ಆ ಇಡೀ ದಿನ ಆ ವಾಸನೆ ಬಿಡಲಿಲ್ಲ.

ಆಗ ನಾನು ನಿಪ್ಪಾಣಿಯ ತವರುಮನೆಯಿಂದ ದಿನಾ ಬಸ್ಸಿನಲ್ಲಿ ಚಿಕ್ಕೋಡಿಗೆ ಬರುತ್ತಿದ್ದೆ. ಆಸ್ಪತ್ರೆ ಒಂದು ಟ್ರಸ್ಟಿನದು. ಕಂಪ್ಯೂಟರ್ ವಿಭಾಗ ಎಂದರೆ ನಾನೊಬ್ಬಳೇ, ವೈಶಾಲಿ ಕಾಂಬಳೆ, ಜೊತೆಗೆ ಮೆಟ್ಟಿಲ ಕೆಳಗಿನ ಆ ಕೋಣೆಯಲ್ಲಿದ್ದ ನಮ್ಮ ಸ್ವಂತ ಸರ್ವರ್. ಎಲ್ಲ ಕಡೆ ಮಾಹಿತಿಯನ್ನು ದೂರದ ಕಂಪನಿಗಳ ಯಂತ್ರದಲ್ಲಿ ಇಡುವ ಕಾಲದಲ್ಲಿ ನಮ್ಮ ಟ್ರಸ್ಟಿನ ಹಿರಿಯರು ಒಪ್ಪಿರಲಿಲ್ಲ. "ನಮ್ಮ ಮಂದಿ ರೋಗ ರುಜಿನಾ ನಮ್ಮ ಮನ್ಯಾಗ ಇರ್ಲಿ. ಮಳಿಗಾಲದಾಗ ನೆಟ್ ಹೋದ್ರ ಯಾರ ಕಾಲ ಹಿಡೀಬೇಕು?" ಎಂದಿದ್ದರು. ಮಾತು ತಪ್ಪಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಬರುವುದು ನೆಂಟರು ಬಂದ ಹಾಗೆ. ಆದ್ದರಿಂದ ರೋಗಿಯ ಹೆಸರು, ರಕ್ತದ ಗುಂಪು, ಒಗ್ಗದ ಔಷಧಿ, ಲ್ಯಾಬಿನ ವರದಿ ಎಲ್ಲವೂ ಆ ಒಂದು ಪೆಟ್ಟಿಗೆಯಲ್ಲಿದ್ದವು. ಅದನ್ನು ತಂಪಾಗಿ, ತೇವ ತಾಗದಂತೆ, ಎಚ್ಚರವಾಗಿ ಇಡುವುದು ನನ್ನ ಕೆಲಸ.

ಆ ವರ್ಷ ಬೇಸಿಗೆಯ ಕೊನೆಗೆ ಟ್ರಸ್ಟಿನವರು ಶಿರಗುಪ್ಪಿಯಲ್ಲಿ ನಡೆಯುತ್ತಿದ್ದ ತಮ್ಮ ಸಣ್ಣ ದವಾಖಾನೆಯ ಕಂಪ್ಯೂಟರನ್ನು ನಮ್ಮ ಸರ್ವರಿಗೆ ಜೋಡಿಸಲು ನಿರ್ಧರಿಸಿದರು. ಕಾಗವಾಡ ಕಡೆಯ ಜನ ಮೊದಲು ಅಲ್ಲಿ ತೋರಿಸಿಕೊಂಡು, ದೊಡ್ಡ ಕಾಯಿಲೆಗೆ ಇಲ್ಲಿಗೆ ಬರುತ್ತಿದ್ದರು. ಪ್ರತಿ ಸಲ ಹೊಸದಾಗಿ ಎಲ್ಲ ಬರೆದುಕೊಳ್ಳುವ ಬದಲು, ಅಲ್ಲಿಯ ಮಾಹಿತಿ ಇಲ್ಲಿಗೂ ಇಲ್ಲಿಯದು ಅಲ್ಲಿಗೂ ತಾನೇ ಹೋಗಲಿ ಎಂಬುದು ಯೋಚನೆ. ಹೊರಗಿನ ಒಬ್ಬ ಗುತ್ತಿಗೆದಾರ ಬಂದು ಜೋಡಣೆಯ ಪ್ರೋಗ್ರಾಮ್ ಹಾಕಿಕೊಟ್ಟು ಹೋದ. ಮೃಗಶಿರೆಯ ಮಳೆ, ನಮ್ಮ ಬಾಯಲ್ಲಿ ಮಿರಗದ ಮಳೆ, ಶುರುವಾದ ವಾರವೇ ಅದು ಚಾಲೂ ಆಯಿತು. ಮೊದಲ ದಿನ ಶಿರಗುಪ್ಪಿಯಲ್ಲಿ ಬರೆದ ಹೆಸರು ನನ್ನ ಪರದೆಯಲ್ಲಿ ಮೂಡಿದಾಗ ನಾನು ಎಲ್ಲರನ್ನೂ ಕರೆದು ತೋರಿಸಿದ್ದೆ.

ಲಾಗ್ ಎಂದರೇನು ಎಂದು ಇಲ್ಲಿ ಹೇಳಿಬಿಡಬೇಕು. ರೋಗಿಯ ಮಾಹಿತಿಯಲ್ಲಿ ಏನು ಬದಲಾದರೂ ಡೇಟಾಬೇಸ್ ಮೊದಲು ಅದನ್ನು ಲಾಗ್ ಎಂಬ ಕಡತದಲ್ಲಿ ಬರೆದುಕೊಳ್ಳುತ್ತದೆ. ಹೊಸ ಹೆಸರು ಬಂದರೆ ಒಂದು ಬರಹ, ವಿಳಾಸ ತಿದ್ದಿದರೆ ಇನ್ನೊಂದು. ನಡುವೆ ಕರೆಂಟು ಹೋದರೆ ಎಲ್ಲಿಗೆ ಬಂದು ನಿಂತಿದ್ದೆ ಎಂದು ಅದನ್ನು ನೋಡಿಯೇ ತಿಳಿದುಕೊಳ್ಳುತ್ತದೆ. ವಾರಕ್ಕೊಮ್ಮೆ ನಾನು ಹಳೆಯ ಲಾಗುಗಳನ್ನು ಹೊರಗಿನ ಒಂದು ಡಿಸ್ಕಿಗೆ ಇಳಿಸಿ ಸರ್ವರಿನಲ್ಲಿ ಜಾಗ ಮಾಡುತ್ತಿದ್ದೆ. ನಮ್ಮಂಥ ಆಸ್ಪತ್ರೆಯ ವಾರದ ಲಾಗ್ ಎಷ್ಟು ಮಹಾ ಇರುತ್ತದೆ? ಇದ್ದ ಜಾಗ ವರ್ಷಗಟ್ಟಲೆ ಸಾಕಾಗುತ್ತಿತ್ತು.

ಜೋಡಣೆ ಶುರುವಾಗಿ ವಾರ ತುಂಬುವ ಮೊದಲೇ, ಒಂದು ಬೆಳಿಗ್ಗೆ ನಾನು ಬಸ್ಸಿನಿಂದ ಇಳಿಯುವಷ್ಟರಲ್ಲಿ ಫೋನು ಬಂತು. ಚೀಟಿ ಬರೆಯುವ ಕಿಟಕಿಯಲ್ಲಿ ಜನ ತುಂಬಿದ್ದಾರೆ, ಒಂದು ಹೆಸರೂ ಏರುತ್ತಿಲ್ಲ. ಓಡಿಹೋಗಿ ನೋಡಿದರೆ ಸರ್ವರಿನಲ್ಲಿ ಸೂಜಿಯ ಮೊನೆಯಷ್ಟೂ ಜಾಗವಿಲ್ಲ. ಎಲ್ಲವೂ ಲಾಗ್. ನನಗೆ ಕಣ್ಣನ್ನು ನಂಬಲಾಗಲಿಲ್ಲ. ಗುತ್ತಿಗೆದಾರನಿಗೆ ಫೋನು ಮಾಡಿದೆ. ಅವನು ದೂರದಿಂದಲೇ ನಮ್ಮ ಸರ್ವರಿಗೆ ಬರುವ ಅನುಮತಿ ಇಟ್ಟುಕೊಂಡಿದ್ದ. ನಾನು ಡಿಸ್ಕು ತಂದು ಚುಚ್ಚುವಷ್ಟರಲ್ಲಿ ಅವನೇ ಹೇಳಿದ:

"ಮೇಡಂ, ಹಳೇ ಲಾಗ್ ಬರೇ ಕಸ. ತಗದು ಒಗದೇನಿ. ಈಗ ನೋಡ್ರಿ, ಚಾಲೂ ಆತಲ್ಲ?"

ಚಾಲೂ ಆಗಿತ್ತು. ಜನ ಸರದಿಯಲ್ಲಿ ಮುಂದೆ ಸರಿದರು. "ಇನ್ನೊಮ್ಮೆ ನನಗ ಕೇಳದ ಯಾವ್ದೂ ಅಳಸಬ್ಯಾಡ್ರಿ. ನಾ ಡಿಸ್ಕಿಗೆ ಇಳಸ್ಕೋತೀನಿ," ಎಂದೆ. ಯಾಕೆ ಇಷ್ಟು ಬೆಳೆಯುತ್ತಿದೆ ಎಂದು ಕೇಳಿದ್ದಕ್ಕೆ, ಎರಡು ಊರಿನ ಕೆಲಸ ಒಂದೇ ಕಡೆ ಬಂದಿದೆ, ದೊಡ್ಡ ಡಿಸ್ಕು ಹಾಕಿಸಿಕೊಳ್ಳಿ ಎಂದ.

ದೊಡ್ಡ ಡಿಸ್ಕು ಬಂತು. ಅದೂ ತುಂಬತೊಡಗಿತು. ನಾನು ಬೆಳಿಗ್ಗೆ ಬಂದ ಕೂಡಲೇ ಲಾಗ್ ಇಳಿಸುವುದು, ಮಧ್ಯಾಹ್ನ ಇಳಿಸುವುದು, ಹೋಗುವ ಮುಂಚೆ ಇಳಿಸುವುದು. ಪೆಟ್ಟಿಗೆ ಕೆಂಡದ ಹಾಗೆ ಕಾಯುತ್ತಿತ್ತು. ಹೊರಗೆ ಮಳೆ ಬಿಡದೆ ಹೊಯ್ಯುತ್ತಿತ್ತು. ಕೊಂಕಣದ ಕಡೆಯೂ ಜೋರು ಮಳೆ ಎಂದು ಸುದ್ದಿ ಬರುತ್ತಿತ್ತು. ಕೃಷ್ಣೆಗೆ ನೀರು ಏರುತ್ತಿದೆ, ನದಿಗೆ ಅಡ್ಡ ಕಟ್ಟಿದ ಸಣ್ಣ ಬಾಂದಾರಗಳು ಮುಳುಗಿದವು ಎಂದು ಬಸ್ಸಿನಲ್ಲಿ ಮಾತು. ಗೋಡೆಯಿಂದ ನೀರು ಜಿನುಗುವ ಆ ಕೋಣೆಯಲ್ಲಿ ಸರ್ವರಿನ ಕೆಳಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಯಾವ ರೋಗಿಯ ಮಾಹಿತಿ ಇಷ್ಟು ಬದಲಾಗುತ್ತಿದೆ? ಎರಡೂ ಕಡೆ ಸೇರಿ ದಿನಕ್ಕೆ ಬರುವ ಜನ ಒಂದು ಮದುವೆಯ ಪಂಕ್ತಿಯಷ್ಟೂ ಇರಲಿಲ್ಲ.

ನಮ್ಮ ಲ್ಯಾಬು ಮೆಟ್ಟಿಲ ಆಚೆ ಬದಿಗೆ. ಅಲ್ಲಿಯ ಟೆಕ್ನಿಷಿಯನ್ ಶಮಶಾದ್ ಆಪಾ, ಚಿಕ್ಕೋಡಿಯವರೇ, ನನಗಿಂತ ಬಹಳ ಹಿರಿಯರು. ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚುವುದು ಒಟ್ಟಿಗೆ. ಲ್ಯಾಬಿನ ಒಂದು ಬದಿಗೆ ರಕ್ತ ಇಡುವ ಫ್ರಿಜ್ಜು, ಅದರ ಕೀಲಿ ಅವರ ಸೊಂಟದಲ್ಲಿ.

ಆಷಾಢದ ಒಂದು ಬೆಳಿಗ್ಗೆ ಕರೋಶಿಯಿಂದ ಸುನಂದಾ ಎಂಬ ಹೆಣ್ಣುಮಗಳನ್ನು ಹೆರಿಗೆಗೆ ಕರೆತಂದರು. ಅವಳೂ ಕಾಂಬಳೆಯೇ, ಗಂಡನ ಹೆಸರು ಸುರೇಶ. ನಮಗೆ ಸಂಬಂಧವಿಲ್ಲ. ನಮ್ಮ ಕಡೆ ಕಾಂಬಳೆ ಎಂದು ಕರೆದರೆ ಅರ್ಧ ಓಣಿ ತಿರುಗಿ ನೋಡುತ್ತದೆ. ಮಗು ಅಡ್ಡ ಬಿದ್ದಿತ್ತು, ಅವಳ ಮೈಯಲ್ಲಿ ರಕ್ತ ಕಡಿಮೆ. ಆಪರೇಷನ್ ಮಾಡಲೇಬೇಕು, ರಕ್ತ ಕೈಯಲ್ಲಿರಲಿ ಎಂದು ಡಾಕ್ಟರ್ ಮಗದುಮ್ ಹೇಳಿದರು. ನರ್ಸು ಕಂಪ್ಯೂಟರಿನಿಂದ ಅವಳ ಚೀಟಿ ತೆಗೆದಳು. ಅದರಲ್ಲಿ ಬಿ ನೆಗೆಟಿವ್ ಎಂದಿತ್ತು. ಸಿಗುವುದೇ ಅಪರೂಪದ ಗುಂಪು. ಆದರೆ ನಮ್ಮ ಫ್ರಿಜ್ಜಿನಲ್ಲಿ ಅದರ ಒಂದು ಚೀಲ ಇತ್ತು.

"ಪುಣ್ಯಾ ಮಾಡ್ಯಾಳ ನೋಡ್ರಿ," ಎಂದರು ಡಾಕ್ಟರು. ಅವಳ ಗಂಡ ಸುರೇಶ ಗೋಡೆಗೆ ಒರಗಿ ನಿಂತವನು ಕೈಮುಗಿದ. ನಾನು ಅಲ್ಲೇ ಪಕ್ಕದಲ್ಲಿ ಪ್ರಿಂಟರಿಗೆ ಕಾಗದ ಹಾಕುತ್ತಿದ್ದೆ.

ರಕ್ತ ಏರಿಸುವ ಮುಂಚೆ ಚೀಲದ ರಕ್ತವನ್ನೂ ರೋಗಿಯ ರಕ್ತವನ್ನೂ ಕೂಡಿಸಿ ನೋಡುವುದು ಲ್ಯಾಬಿನ ಪದ್ಧತಿ. ಹೊಂದಿದರೆ ನೀರಾಗಿ ಉಳಿಯುತ್ತದೆ, ಹೊಂದದಿದ್ದರೆ ಹರಳು ಕಟ್ಟುತ್ತದೆ. ನಾನು ಕೋಣೆಗೆ ಮರಳಿ ಲಾಗ್ ಇಳಿಸಲು ಕುಳಿತಿದ್ದೆ. ಆಪಾ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಗಾಜಿನ ನಳಿಗೆ. ಅವರ ಮುಖ ಬಿಳಚಿಕೊಂಡಿತ್ತು.

"ವೈಶಾಲಿ, ಇಲ್ಲಿ ನೋಡ."

ನಳಿಗೆಯ ತಳದಲ್ಲಿ ಕೆಂಪು ಹರಳು, ಒಡೆದ ಹಾಲಿನ ಹಾಗೆ.

"ಎರಡ ಸಲ ಮಾಡಿದೆ. ಮತ್ತ ಆಕೀ ರಕ್ತಾ ಬ್ಯಾರೇನ ತಗೊಂಡ ಗುಂಪು ನೋಡಿದೆ. ಓ ಪಾಸಿಟಿವ್ ಐತಿ. ಹಿಂದ ಆಕೀ ಬಸರ ಇದ್ದಾಗ ಮೊದಲ ನೋಡಿದಾಕಿನೂ ನಾನ, ಓ ಪಾಸಿಟಿವ್ ಅಂತ ನನ್ನ ಕೈಲೇ ಟೈಪ್ ಮಾಡೇನಿ. ನಿನ್ನ ಕಂಪ್ಯೂಟರಿಗೆ ಏನ ಬಂದೈತಿ?"

"ಯಾರರೆ ತಿದ್ದ್ಯಾರೇನೋ ಆಪಾ," ಎನ್ನುತ್ತ ನಾನು ಸುನಂದಾಳ ನಂಬರು ಹಾಕಿದೆ. ಪರದೆಯಲ್ಲಿ ಬಿ ನೆಗೆಟಿವ್. ಇನ್ನೊಮ್ಮೆ ತೆರೆದೆ. ಓ ಪಾಸಿಟಿವ್.

ಆಪಾ ನನ್ನ ಭುಜ ಹಿಡಿದರು. ನಾನು ಮತ್ತೆ ತೆರೆದೆ. ಬಿ ನೆಗೆಟಿವ್. ಮತ್ತೆ ತೆರೆದೆ. ಓ ಪಾಸಿಟಿವ್. ಕೀಲಿಮಣೆಯ ಮೇಲೆ ಯಾರ ಕೈಯೂ ಇರಲಿಲ್ಲ. ನಮ್ಮಿಬ್ಬರ ಕಣ್ಣೆದುರಿಗೇ ಒಬ್ಬ ಹೆಂಗಸಿನ ರಕ್ತ ಬದಲಾಗುತ್ತಿತ್ತು.

"ಯಾ ಅಲ್ಲಾ," ಎಂದರು ಆಪಾ, ಬಹಳ ಮೆಲ್ಲಗೆ. ಆ ಚೀಲ ಅವಳ ಮೈಗೆ ಏರಿದ್ದರೆ ಬದುಕುವುದು ಕಷ್ಟವಿತ್ತು.

ಆಪಾ ಓಡಿದರು. ಡಾಕ್ಟರ್ ಮಗದುಮ್ ಅಷ್ಟರಲ್ಲಿ ಕೈ ತೊಳೆದು ನಿಂತಿದ್ದರು. ಆಪಾ ನಳಿಗೆ ತೋರಿಸಿದಾಗ ಅವರು ತೊಳೆದ ಕೈಗಳನ್ನು ಹಾಗೇ ಮೇಲೆತ್ತಿ ಹಿಡಿದು ಬಗ್ಗಿ ನಳಿಗೆ ನೋಡಿದರು. ಆಮೇಲೆ "ಓ ಪಾಸಿಟಿವ್ ಚೀಲಾ ತಗೀರಿ. ಮತ್ತೊಮ್ಮೆ ಕೂಡಿಸಿ ನೋಡ್ರಿ," ಎಂದರು. ಆ ಗುಂಪಿನ ಚೀಲಗಳು ಫ್ರಿಜ್ಜಿನಲ್ಲಿ ಬೇಕಾದಷ್ಟಿದ್ದವು. ಆಪರೇಷನ್ ಆಯಿತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಹೊರಗೆ ಸುರೇಶ ಎಲ್ಲರಿಗೂ ಪೇಢೆ ಹಂಚುತ್ತಿದ್ದ. ನನ್ನ ಕೈಗೆ ಬಂದ ಪೇಢೆ ಕೈಯಲ್ಲೇ ಕರಗಿತು.

ನಾನು ಮೊದಲು ಶಿರಗುಪ್ಪಿಯ ಜೋಡಣೆಯನ್ನು ನಿಲ್ಲಿಸಿದೆ. ನಿಲ್ಲಿಸಿದ ಕ್ಷಣವೇ ಲಾಗ್ ಬೆಳೆಯುವುದೂ ನಿಂತಿತು. ಅಲ್ಲಿಗೆ ನನಗೆ ಅರ್ಧ ಗೊತ್ತಾಯಿತು. ಇನ್ನರ್ಧಕ್ಕೆ ಲಾಗನ್ನೇ ಬಿಚ್ಚಿ ಓದಲು ಕುಳಿತೆ. ಆಪಾ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡರು.

ಕಾರಣ ನೋಡಿದರೆ ಅಷ್ಟೇ ಸರಳ, ಅಷ್ಟೇ ಭಯಂಕರ. ಹೆಸರು, ಗಂಡನ ಅಥವಾ ತಂದೆಯ ಹೆಸರು, ವಯಸ್ಸು ಈ ಮೂರು ಹೊಂದಿದರೆ ಇಬ್ಬರೂ ಒಬ್ಬರೇ ಎಂದು ಆ ಪ್ರೋಗ್ರಾಮ್ ತಿಳಿದುಕೊಳ್ಳುತ್ತಿತ್ತು. ಶಿರಗುಪ್ಪಿಯಲ್ಲೂ ಒಬ್ಬಳು ಸುನಂದಾ ಕಾಂಬಳೆ ಇದ್ದಳು. ಅವಳ ಗಂಡನೂ ಸುರೇಶ. ವಯಸ್ಸೂ ಒಂದೇ. ಅವಳದು ಬಿ ನೆಗೆಟಿವ್. ಇಬ್ಬರ ಊರು, ಫೋನು ಅವರವರ ಕಡೆಯೇ ಉಳಿದಿದ್ದವು. ರಕ್ತದ ಗುಂಪು, ಒಗ್ಗದ ಔಷಧಿ ಮಾತ್ರ ಒಬ್ಬರದು ಇನ್ನೊಬ್ಬರಿಗೆ ಹೋಗುತ್ತಿದ್ದವು. ಚಿಕ್ಕೋಡಿಯ ಸರ್ವರ್ ಶಿರಗುಪ್ಪಿಯದನ್ನು ತಪ್ಪೆಂದು ತಿದ್ದುತ್ತಿತ್ತು, ಶಿರಗುಪ್ಪಿಯ ಕಂಪ್ಯೂಟರ್ ಚಿಕ್ಕೋಡಿಯದನ್ನು ತಪ್ಪೆಂದು ತಿದ್ದುತ್ತಿತ್ತು. ನೆಟ್ ಇದ್ದಷ್ಟು ಹೊತ್ತು, ಹಗಲೂ ರಾತ್ರಿಯೂ, ಬಿಡುವಿಲ್ಲದೆ. ಪ್ರತಿ ತಿದ್ದುಪಡಿಯೂ ಲಾಗಿನಲ್ಲಿ ಒಂದು ಬರಹ. ಚೀಟಿ ತೆಗೆದ ಗಳಿಗೆಯಲ್ಲಿ ಯಾವುದು ಇತ್ತೋ ಅದು ಕಾಗದಕ್ಕೆ ಬರುತ್ತಿತ್ತು.

ಸುನಂದಾ ಒಬ್ಬಳೇ ಅಲ್ಲ. ಲಾಗ್ ಓದುತ್ತ ಹೋದಂತೆ ಅಂಥ ಜೋಡಿಗಳು ಒಂದರ ಹಿಂದೊಂದು ಬಂದವು. ಪಾಟೀಲರು, ಪೂಜಾರಿಗಳು, ಮುಲ್ಲಾಗಳು, ಕಾಂಬಳೆಗಳು. ಆಪಾ ಒಂದು ಹೆಸರು ನೋಡಿ "ಈಕೀ ನನ್ನ ಮಾವ್ಶಿ ಮಗಳ," ಎಂದು ಆ ಚಿಕ್ಕಮ್ಮನ ಮಗಳ ಹೆಸರನ್ನು ಬೇರೆಯೇ ಬರೆದುಕೊಂಡರು.

ಡಾಕ್ಟರ್ ಮಗದುಮ್ ಆಪರೇಷನ್ ಮುಗಿಸಿ, ಗೌನು ಬಿಚ್ಚದೆಯೇ ನೇರ ನಮ್ಮ ಕೋಣೆಗೆ ಬಂದರು. ನಾನು ತೋರಿಸಿದೆ. ಅವರು ಬಗ್ಗಿ ಓದುತ್ತಿದ್ದವರು ಒಮ್ಮೆಲೇ ನೆಟ್ಟಗಾದರು.

"ಆ ಶಿರಗುಪ್ಪಿ ಸುನಂದಾ, ಆಕೀನೂ ಬಸರ ಇದ್ದಾಳೇನು?"

ನೋಡಿದೆ. ಶಿರಗುಪ್ಪಿಯಿಂದ ಬಂದ ದಾಖಲೆಯ ಪ್ರಕಾರ ಅವಳಿಗೆ ಮೊನ್ನೆಯೇ ಹೆರಿಗೆಯಾಗಿತ್ತು. ಅಲ್ಲಿಯ ದವಾಖಾನೆಯಲ್ಲೇ. ಮಾರನೆಯ ದಿನ ಮನೆಗೆ ಕಳಿಸಿದ್ದರು.

"ಆಕೀಗೆ ಇಂಜೆಕ್ಷನ್ ಕೊಟ್ಟಾರೇನು?"

ನನಗೆ ಅರ್ಥವಾಗಲಿಲ್ಲ. ಅವರು ಅವಸರದಲ್ಲೇ ಬಿಡಿಸಿ ಹೇಳಿದರು. ತಾಯಿಯ ರಕ್ತ ನೆಗೆಟಿವ್ ಇದ್ದು ಮಗುವಿನದು ಪಾಸಿಟಿವ್ ಇದ್ದರೆ ಹೆರಿಗೆಯಾದ ಮೂರು ದಿನದೊಳಗೆ ತಾಯಿಗೆ ಒಂದು ಇಂಜೆಕ್ಷನ್ ಕೊಡಬೇಕು. ಕೊಡದಿದ್ದರೆ ಅವಳ ಮೈಯೇ ಮುಂದಿನ ಮಗುವಿಗೆ ವೈರಿಯಾಗಬಹುದು. ಮಗು ಹೊಟ್ಟೆಯಲ್ಲೇ ಹೋಗಬಹುದು. ಅವಳು ಮನೆಗೆ ಹೋಗುವಾಗ ತೆಗೆದ ಕಾರ್ಡಿನಲ್ಲಿ ಏನಿತ್ತೋ ಯಾರಿಗೆ ಗೊತ್ತು?

ಶಿರಗುಪ್ಪಿಗೆ ಫೋನು ಹತ್ತಲಿಲ್ಲ. ಬೆಳಿಗ್ಗೆ ಇದ್ದ ನೆಟ್‌ವರ್ಕೂ ಅಷ್ಟರಲ್ಲಿ ಮಳೆಗೆ ಮಲಗಿತ್ತು. ಡಾಕ್ಟರು ಮಂಜುಗಡ್ಡೆಯ ಡಬ್ಬಿಯಲ್ಲಿ ಇಂಜೆಕ್ಷನ್ ಇಟ್ಟುಕೊಟ್ಟು, ಗುಂಪು ನೋಡುವ ಸಾಮಾನಿನೊಂದಿಗೆ ಆಪಾರನ್ನೂ, ವಿಷಯ ಬಿಡಿಸಿ ಹೇಳಲು ನನ್ನನ್ನೂ ಆಸ್ಪತ್ರೆಯ ಗಾಡಿಯಲ್ಲಿ ಕಳಿಸಿದರು. "ಸೇತುವಿ ಬಂದ್ ಆಗೂದ್ರೊಳಗ ದಾಟ್ರಿ," ಎಂದರು.

ಅಂಕಲಿ ದಾಟಿ ಸೇತುವೆಗೆ ಬಂದಾಗ ಕೃಷ್ಣೆಯನ್ನು ನೋಡಿ ನಾನು ಆಪಾರ ಕೈ ಹಿಡಿದುಕೊಂಡೆ. ನಾನು ಕಂಡ ನದಿ ಅದಾಗಿರಲಿಲ್ಲ. ಎರಡೂ ದಡದ ಕಬ್ಬಿನ ಹೊಲಗಳು ನೀರಿನೊಳಗೆ, ಗರಿಗಳ ತುದಿ ಮಾತ್ರ ಮೇಲೆ ಅಲ್ಲಾಡುತ್ತಿತ್ತು. ಪೊಲೀಸರು ದೊಡ್ಡ ಗಾಡಿಗಳನ್ನು ತಡೆದಿದ್ದರು. ಆಸ್ಪತ್ರೆಯ ಗಾಡಿ ಎಂದು ನಮ್ಮನ್ನು ಬಿಟ್ಟರು. "ಹೋಗೂದ ಹೋಗ್ರಿ, ಬರೂದ ನಿಮ್ಮ ದೈವಾ," ಎಂದ ಒಬ್ಬ.

ಶಿರಗುಪ್ಪಿಯ ದವಾಖಾನೆಯ ನರ್ಸು ನಮ್ಮನ್ನು ಕಂಡು ಗಾಬರಿಯಾದಳು. ಇಂಜೆಕ್ಷನ್ ಕೊಟ್ಟಿರಲಿಲ್ಲ. ಕಾರ್ಡು ಓ ಪಾಸಿಟಿವ್ ಎಂದು ಬಂದಿತ್ತಂತೆ. "ಮೊದಲ ಬಿ ನೆಗೆಟಿವ್ ಅಂತಿದ್ದಂಗ ನೆನಪಿತ್ರಿ. ಆದ್ರ ದೊಡ್ಡ ದವಾಖಾನಿಯವ್ರು ತಿದ್ದ್ಯಾರ ಅಂದ್ಕೊಂಡ್ನಿ," ಎಂದಳು. ಅವಳೂ ನಮ್ಮೊಂದಿಗೆ ಗಾಡಿ ಹತ್ತಿದಳು.

ಸುನಂದಾಳ ಮನೆ ನದಿಯ ಬದಿಗೆ. ನೀರು ಬರುತ್ತದೆಂದು ಆ ಓಣಿಯವರನ್ನೆಲ್ಲ ಶಾಲೆಗೆ ಕಳಿಸಿದ್ದರು. ಶಾಲೆಯ ಒಂದು ಕೋಣೆಯಲ್ಲಿ, ಬೆಂಚುಗಳನ್ನು ಜೋಡಿಸಿ ಮೇಲೆ ಕೌದಿ ಹಾಸಿ ಬಾಣಂತಿಯನ್ನು ಮಲಗಿಸಿದ್ದರು. ತಲೆಗೆ ಬಟ್ಟೆ ಬಿಗಿದುಕೊಂಡ ತೆಳ್ಳನೆಯ ಹುಡುಗಿ. ಪಕ್ಕದಲ್ಲಿ ಅವಳ ಅತ್ತೆ, ಮಡಿಲಲ್ಲಿ ಮಗು.

ನಾನು ವಿಷಯ ಹೇಳಿದೆ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮರಾಠಿಯಲ್ಲಿ ಶುರುಮಾಡಿ ಕನ್ನಡಕ್ಕೆ ಹೊರಳಿದರು.

"ಆತಾ ಸುಯಿ ಕಶಾಲಾ? ಹಡದಾಳ, ಆರಾಮ ಅದಾಳ. ಈಗ್ಯಾಕ ಸೂಜಿ? ನಿಮ್ಮ ದವಾಖಾನಿಯವ್ರ ಓ ಪಾಸಿಟಿವ್ ಅಂತ ಕಾರ್ಡ ಕೊಟ್ಟಾರ. ಈಗ ನೀವ ಬಂದು ಅದು ಸುಳ್ಳ ಅಂತೀರಿ. ಯಾವ್ದ ನಂಬೂದು?"

ಆಪಾ ನೆಲದ ಮೇಲೆ ಕುಳಿತರು. "ನನ್ನೂ ನಂಬಬ್ಯಾಡ್ರಿ, ಕಾರ್ಡೂ ನಂಬಬ್ಯಾಡ್ರಿ. ನಿಮ್ಮ ಕಣ್ಣೀಲೇ ನೋಡ್ರಿ," ಎಂದು ಬಿಳಿ ಹಲಗೆಯ ಮೇಲೆ ಸುನಂದಾಳ ಬೆರಳಿನ ರಕ್ತ ಮೂರು ಕಡೆ ಇಟ್ಟು, ಸೀಸೆಗಳಿಂದ ಹನಿ ಹಾಕಿ ಕಡ್ಡಿಯಿಂದ ಕಲಸಿದರು. "ಹರಳ ಕಟ್ಟಿದ್ರ ಐತಿ ಅಂತ, ಕಟ್ಟಲಿಲ್ಲಂದ್ರ ಇಲ್ಲ ಅಂತ." ಒಂದು ಕಡೆ ಹರಳು ಕಟ್ಟಿತು. ಉಳಿದ ಎರಡು ಕಡೆ ರಕ್ತ ನೀರಿನಂತೆ ಹಾಗೇ ಇತ್ತು. ಬಿ, ಮತ್ತು ನೆಗೆಟಿವ್. ಆಮೇಲೆ ಮಗುವಿನ ಹಿಮ್ಮಡಿಯಿಂದ ಒಂದಿಷ್ಟು ತೆಗೆದು ಅದನ್ನೂ ನೋಡಿದರು. ಪಾಸಿಟಿವ್.

ಅತ್ತೆ ಹಲಗೆಯನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಸೊಸೆಯ ಕಡೆ ನೋಡಿದರು. "ಕೊಡ್ರಿ," ಎಂದರು, ಅಷ್ಟೇ. ನರ್ಸು ಇಂಜೆಕ್ಷನ್ ಕೊಟ್ಟಳು. ಮೂರು ದಿನ ಇನ್ನೂ ತುಂಬಿರಲಿಲ್ಲ. ಸುನಂದಾ ಮುಖ ಕಿವುಚಿಕೊಂಡು, "ಇನ್ನೊಂದ ಸುನಂದಾ ಹೆಂಗದಾಳ್ರಿ?" ಎಂದು ಕೇಳಿದಳು. ಹೆಣ್ಣು ಹಡೆದಿದ್ದಾಳೆ, ಚೆನ್ನಾಗಿದ್ದಾಳೆ ಎಂದೆ. ಸೇತುವೆ ಆ ಸಂಜೆಯೇ ಬಂದ್ ಆಯಿತು. ನೀರು ಇಳಿಯುವವರೆಗೆ ನಾವಿಬ್ಬರೂ ಅದೇ ಶಾಲೆಯಲ್ಲಿ, ಅವರ ಜೊತೆಯಲ್ಲೇ ಉಂಡು ಮಲಗಿದೆವು.

ಚಿಕ್ಕೋಡಿಗೆ ಮರಳಿದ ಮೇಲೆ ಇಡೀ ಶ್ರಾವಣ ಒಂದೇ ಕೆಲಸ. ಡಾಕ್ಟರ್ ಮಗದುಮ್ ಟ್ರಸ್ಟಿಗೂ ಆರೋಗ್ಯ ಇಲಾಖೆಗೂ ಎಲ್ಲವನ್ನೂ ಬರೆದು ತಿಳಿಸಿದರು. ಗುತ್ತಿಗೆದಾರನ ಅನುಮತಿ ಕಿತ್ತುಹಾಕಿದೆ. ಲಾಗಿನಲ್ಲಿ ಸಿಕ್ಕ ಪ್ರತಿ ಜೋಡಿಗೂ ಫೋನು ಮಾಡಿ, ಊರು ಕೇಳಿ, ತಾಯಿಯ ಹೆಸರು ಕೇಳಿ, ಕರೆಸಿ ರಕ್ತ ಮತ್ತೆ ನೋಡುವುದು. ಕಬ್ಬಿಗೆ ಗೊಬ್ಬರ ಹಾಕುತ್ತಿದ್ದವರು, ನಿಪ್ಪಾಣಿಯ ಅಂಗಡಿಗಳವರು, ಕೊಗನೊಳ್ಳಿಯ ಒಬ್ಬ ಲಾರಿ ಡ್ರೈವರ್. ಹೆಚ್ಚಿನವರಿಗೆ ಏನೂ ಆಗಿರಲಿಲ್ಲ. ಕೆಲವರು ನಕ್ಕರು. ಒಬ್ಬ ಅಜ್ಜ, "ನನ್ನ ರಕ್ತಾ ಬದಲಿ ಆತು ಅಂದ್ರ ನನ್ನ ಬುದ್ಧೀನೂ ಬದಲಿ ಆಗೈತೇನ ನೋಡ್ರಿ," ಎಂದ. ನಮಗೂ ನಗು ಬಂತು. ಗಂಡಾಂತರ ದಾಟಿದೆವು ಎಂದು ನಾನು ನಂಬತೊಡಗಿದ್ದೆ.

ಆಗ ರಾಯಬಾಗ ಕಡೆಯ ಭೀಮಪ್ಪ ಪೂಜಾರಿ ಎಂಬವರ ಸರದಿ ಬಂತು. ನಮ್ಮಲ್ಲಿ ಅವರಿಗೆ ಒಂದು ಜಾತಿಯ ಇಂಜೆಕ್ಷನ್ ಒಗ್ಗುವುದಿಲ್ಲ ಎಂದಿತ್ತು. ಶಿರಗುಪ್ಪಿಯ ಇನ್ನೊಬ್ಬ ಭೀಮಪ್ಪ ಪೂಜಾರಿಗೆ ಅಂಥದ್ದೇನೂ ಇರಲಿಲ್ಲ. ಇದೆ, ಇಲ್ಲ, ಇದೆ, ಇಲ್ಲ ಎಂದು ಅವರ ಮಾಹಿತಿಯೂ ಎಡೆಬಿಡದೆ ಬದಲಾಗಿತ್ತು. ಫೋನು ಎತ್ತಿದವನು ಮಗ.

"ಅಪ್ಪಾ ತೀರಿಕೊಂಡ್ರಲ್ಲರಿ. ಮಿರಗದ ಮಳಿ ಹತ್ತಿದಾಗ. ನಿಮ್ಮ ದವಾಖಾನ್ಯಾಗನ."

ನಾನು ಫೋನು ಕೆಳಗಿಟ್ಟು ಅವರ ಫೈಲು ತರಿಸಿದೆ. ಜ್ವರ, ಕೆಮ್ಮು ಎಂದು ಬಂದಿದ್ದರು. ಇಂಜೆಕ್ಷನ್ ಆದ ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿತ್ತು. ಮೊದಲಿನಿಂದ ಹೃದಯದ ಕಾಯಿಲೆ ಇದ್ದವರು, ಹೃದಯವೇ ನಿಂತಿತೆಂದು ಬರೆದಿದ್ದರು. ಯಾರಿಗೂ ಅನುಮಾನ ಬಂದಿರಲಿಲ್ಲ. ಕೊಟ್ಟದ್ದು ಅದೇ ಜಾತಿಯ ಇಂಜೆಕ್ಷನ್. ಆ ಗಳಿಗೆಯಲ್ಲಿ ಪರದೆಯ ಮೇಲೆ ಏನಿತ್ತು ಎಂದು ಲಾಗ್ ಒಂದೇ ಹೇಳಬಲ್ಲದು. ಡಿಸ್ಕುಗಳನ್ನೆಲ್ಲ ಹುಡುಕಿದೆ. ಆ ವಾರದ ಲಾಗ್ ಇರಲಿಲ್ಲ. ಜಾಗ ಮಾಡಲು ಗುತ್ತಿಗೆದಾರ ಅಳಿಸಿದ್ದು ಆ ವಾರದ್ದನ್ನೇ.

ಡಾಕ್ಟರ್ ಮಗದುಮ್ ಫೈಲನ್ನು ಎರಡು ಸಲ ಓದಿದರು. ಆ ದಿನ ಅವರು ರಜೆಯಲ್ಲಿದ್ದರು, ಇಂಜೆಕ್ಷನ್ ಬರೆದದ್ದು ಬೇರೆಯವರು. ಆದರೂ "ನಡೀರಿ, ಹೋಗಿ ಹೇಳಬೇಕು," ಎಂದರು.

"ಏನಂತ ಹೇಳೂದ್ರಿ? ನಮಗ ಖಾತ್ರಿ ಇಲ್ಲಲ್ಲ," ಎಂದೆ.

"ಖಾತ್ರಿ ಇಲ್ಲ ಅಂತನ ಹೇಳೂನು."

ರಾಯಬಾಗದಿಂದ ಒಳಗೆ, ಹಸಿ ರಸ್ತೆಯ ಕೊನೆಗೆ ಅವರ ಮನೆ. ಮಳೆ ಬಿಟ್ಟಿತ್ತು. ಕಟ್ಟೆಯ ಮೇಲೆ ಭೀಮಪ್ಪನವರ ಹೆಂಡತಿ ಲಗಮವ್ವ ಹೆಸರುಕಾಳು ಹಸನು ಮಾಡುತ್ತಿದ್ದರು. ಮಗ ಚಾಪೆ ಹಾಸಿದ. ಡಾಕ್ಟರು ಚಾಪೆ ಬಿಟ್ಟು ಕಟ್ಟೆಯ ಅಂಚಿಗೆ ಕುಳಿತು, ಒಂದೂ ಮುಚ್ಚದೆ ಎಲ್ಲ ಹೇಳಿದರು. ಕಂಪ್ಯೂಟರಿನಲ್ಲಿ ಒಬ್ಬರದು ಇನ್ನೊಬ್ಬರಿಗೆ ಬೆರೆತಿತ್ತು. ಆ ದಿನ ತಪ್ಪು ತೋರಿಸಿರಬಹುದು. ತೋರಿಸಿರದೆಯೂ ಇರಬಹುದು. ತಿಳಿಯಲು ಈಗ ದಾರಿಯಿಲ್ಲ.

ಮಗನ ಮುಖ ಕೆಂಪಾಯಿತು. ಅವನು ಏನೋ ಹೇಳಲು ಬಾಯಿ ತೆರೆದ. ಲಗಮವ್ವ ಮೊರವನ್ನು ಕೆಳಗಿಟ್ಟು ಅವನಿಗೆ ಕೈಯಿಂದ ಸುಮ್ಮನಿರು ಎಂದರು. ನನ್ನ ಕಡೆ ತಿರುಗಿದರು.

"ದಾರಿ ಇಲ್ಲೇನವಾ? ನನ್ನ ಯಾರೂ ಕೇಳೇ ಇಲ್ಲಲ್ಲ."

ನಮಗೆ ತಿಳಿಯಲಿಲ್ಲ.

"ಅವತ್ತ ನಾ ಬಾಜೂಕ ನಿಂತಿದ್ನಿ. ನರ್ಸಬಾಯಿಗೆ ಹೇಳಿದ್ನಿ, ತಂಗಿ, ಇವ್ರಿಗೆ ಆ ಸೂಜಿ ಆಗಿ ಬರಂಗಿಲ್ಲ, ಹಿಂದೊಮ್ಮೆ ಮೈಯೆಲ್ಲಾ ದದ್ದ ಎದ್ದಿದ್ದು, ನೋಡವಾ ಅಂತ. ಆಕೀ ಕಂಪ್ಯೂಟರದಾಗ ನೋಡಿದ್ಲು. ಇಲ್ಲಬೇ, ಇದರಾಗ ಹಂಗೇನ ಇಲ್ಲ, ನಿಂಗ ಬ್ಯಾರೇದ್ದ ನೆನಪ ಐತಿ ಅಂದ್ಲು. ನಾ ಸುಮ್ಮಾದ್ನಿ."

ಡಾಕ್ಟರು ತಲೆ ತಗ್ಗಿಸಿದರು. ನಾನು ಡಿಸ್ಕುಗಳಲ್ಲಿ ಹುಡುಕಿ ಸಿಗದೇ ಹೋದದ್ದನ್ನು ಅವರು ಇಷ್ಟು ತಿಂಗಳು ಎದೆಯಲ್ಲಿಟ್ಟುಕೊಂಡು ಕಾಳು ಹಸನು ಮಾಡುತ್ತಿದ್ದರು.

"ಮನ್ಯಾಗ ಹೇಳಿದ್ನಿ, ಮಣ್ಣಿಗೆ ಬಂದವ್ರ ಮುಂದ ಹೇಳಿದ್ನಿ," ಎಂದರು ಲಗಮವ್ವ. "ಎಲ್ಲಾರೂ ಅಂದ್ರು, ದುಃಖದಾಗ ಹಿಂಗ ಅನಸ್ತೈತಿ ಅಂತ. ಈ ಮಗಾನೂ ಹಂಗ ಅಂದ. ಬರ್ತ ಬರ್ತ ನನಗೂ ಹಂಗ ಅನಸಾಕ ಹತ್ತಿತ್ತು. ನಾ ಹೇಳಿದ್ನೋ ಇಲ್ಲೋ, ಹೇಳಿಲ್ಲದನ ಹೇಳೇನಿ ಅನ್ನಾಕತ್ತೇನೋ ಅಂತ."

ಮಗ ಕಂಬ ಹಿಡಿದು ನಿಂತುಬಿಟ್ಟ. ಲಗಮವ್ವ ಡಾಕ್ಟರ ಮುಖವನ್ನೇ ನೋಡುತ್ತಿದ್ದರು. ಸಿಟ್ಟು ಮಾಡುತ್ತಾರೆ, ಶಪಿಸುತ್ತಾರೆ, ಪೊಲೀಸರೆನ್ನುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅದೆಲ್ಲ ಆಮೇಲೆ ಮಗ ಮಾಡಿದ, ಮಾಡಬೇಕಾದದ್ದೇ ಆಗಿತ್ತು, ಮತ್ತು ಡಾಕ್ಟರ್ ಮಗದುಮ್ ಕರೆದಲ್ಲಿಗೆಲ್ಲ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಹೊತ್ತಿನಲ್ಲಿ ಲಗಮವ್ವ ಕೇಳಿದ್ದು ಒಂದೇ.

"ಹಂಗಾರ ಡಾಕ್ಟ್ರ, ನಾ ಹೇಳಿದ್ದು ಖರೆ ಇತ್ತಲ್ಲ?"

"ಖರೇನ ಇತ್ತವ್ವಾ," ಎಂದರು ಡಾಕ್ಟರು.

ಲಗಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಗಂಡ ಸತ್ತಾಗ ಅವ್ವ ಹೀಗೆ ಅತ್ತಿರಲಿಲ್ಲ ಎಂದು ಮಗ ಆಮೇಲೆ ನನಗೆ ಹೇಳಿದ.